ಹಾಸನದಲ್ಲಿ ಐದು ದಿನದ ವಿಯೆಟ್ನಾಂ

ಪಾಸ್‌ಪೋರ್ಟಿಗೆ ಒಂದು ಸೀಲೂ ಬೀಳದೆ ನಮ್ಮ ಸೋದರಮಾವ ಏಳು ದೇಶ ಅರೆದು ಕುಡಿದಿದ್ದಾರೆ ಎಂದರೆ ನಂಬುತ್ತೀರಾ? ನಂಬದಿದ್ದರೂ ಅವರೆದುರು ಹೇಳಬೇಡಿ, ಎಂಟನೆಯದನ್ನು ಶುರು ಮಾಡುತ್ತಾರೆ!

ಮಾವ ಅರಕಲಗೂಡಿನ ಸಿಮೆಂಟ್ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಾರೆ. ವರ್ಷದ ಟಾರ್ಗೆಟ್ ಮುಟ್ಟಿದ ಅಂಗಡಿಗೆ ಕಂಪನಿಯವರು ಫಾರಿನ್ ಟೂರ್ ಕೊಡುವುದು ಈ ವ್ಯಾಪಾರದ ಪದ್ಧತಿ. ಟಾರ್ಗೆಟ್ ಮುಟ್ಟಿಸುವುದು ಮಾವ, ವಿಮಾನ ಹತ್ತುವುದು ಓನರ್. ಮಾವನ ಪಾಲಿಗೆ ಒಂದು ಫ್ರಿಜ್ ಮ್ಯಾಗ್ನೆಟ್. ಅತ್ತೆಯ ಫ್ರಿಜ್ಜಿನ ಬಾಗಿಲೇ ಮಾವನ ಮಾರ್ಕೆಟ್ ರಿಪೋರ್ಟು. ಯಾವ ಡೀಲರ್ ಎಲ್ಲಿಗೆ ಹೋದ ಎಂದು ಮೂರು ತಾಲ್ಲೂಕು ವಿಚಾರಿಸಿ, “ಬ್ಯಾಂಕಾಕ್ ಬಿದ್ದೋಯ್ತು ಕಣ್ಲಾ. ಅರ್ಧ ಮಾರ್ಕೆಟ್ಟು ವಿಯೆಟ್ನಾಂ ತಿಂದ್ಬುಡ್ತು” ಎಂದು ಬ್ಯಾಂಕಾಕಿನ ಆನೆ ಮ್ಯಾಗ್ನೆಟ್ಟನ್ನು ತರಕಾರಿ ಟ್ರೇ ಮಟ್ಟಕ್ಕೆ ಇಳಿಸಿದ್ದರು.

ಈ ಸಲ ಐದು ದಿನದ ವಿಯೆಟ್ನಾಂ ಟೂರಿಗೆ ಓನರ್ ನೀವೇ ಹೋಗಿ ಎಂದುಬಿಟ್ಟರು. ಟಿಕೆಟ್ ಹಾಸನದಲ್ಲಿ ಕೈಗೆ ಬರುತ್ತದಂತೆ. ಮಾವನ ಊರು ಮಲ್ಲಿಪಟ್ಟಣದಲ್ಲಿ ಹಾರ ಹಾಕಿ, ಚಕ್ಕುಲಿ ಡಬ್ಬ ಕೊಟ್ಟು ಕಳಿಸಿದರು. ನಾವಿರುವುದು ಹಾಸನದಲ್ಲೇ; ಬಸ್ ಸ್ಟ್ಯಾಂಡಿನಲ್ಲಿ ನಾನು ಬ್ಯಾಗ್ ಇಳಿಸುವಷ್ಟರಲ್ಲಿ ಓನರ್ ಫೋನ್ ಬಂತು. ಅವರ ಬಾಮೈದ ಆಸೆಪಟ್ಟನಂತೆ, ಮುಂದಿನ ವರ್ಷ ನೋಡೋಣವಂತೆ.

ಮಾವ ಸೂಟ್‌ಕೇಸಿನ ಮೇಲೇ ಕೂತರು. “ಆರ ಆಕಿಸ್ಕಂಡು ಬಂದಿವ್ನಿ ಕಣ್ಲಾ. ಯಾವ್ ಮುಖ ಇಟ್ಕಂಡು ವಾಪಸ್ ಓಗ್ಲಿ?”

ಹೀಗೆ ನಮ್ಮ ಮನೆಯ ಹಿಂದಿನ ರೂಮು ವಿಯೆಟ್ನಾಂ ಆಯಿತು. ಮಾವ ಊಟವನ್ನೂ ಒಂದೂವರೆ ಗಂಟೆ ಮುಂಚೆ ಕೇಳುತ್ತಿದ್ದರು, ಅಲ್ಲಿನ ಟೈಮಂತೆ! ಓನರ್ ಬಾಮೈದ ಸ್ಟೇಟಸ್ಸಿಗೆ ಹಾಕಿದ ದೋಣಿ ಫೋಟೋ ನೋಡಿ, ಎಡಗಡೆ ಕೂತಿದ್ದರೆ ಗುಹೆ ಕಾಣುತ್ತಿತ್ತು, ದಡ್ಡ ಎಂದರು. ಆಮೇಲೆ ಆ ಫೋಟೋವನ್ನು ಬಹಳ ಹೊತ್ತು ನೋಡುತ್ತಲೇ ಇದ್ದರು.

ಮೂರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರ ಬಜ್ಜಿ ತಿನ್ನುತ್ತಾ ಅತ್ತೆಗೆ ಫೋನ್ ಮಾಡಿ, ಸಮುದ್ರ, ದೋಣಿ, ಗುಹೆ ಎಲ್ಲ ವರ್ಣಿಸಿದರು. ಹಿಂದೆಯೇ ಕಂಡಕ್ಟರು ‘ಚನ್ರಾಯಪಟ್ಣ, ಚನ್ರಾಯಪಟ್ಣ’ ಎಂದು ಅರಚುತ್ತಿದ್ದ. ವಿಯೆಟ್ನಾಮಿಗೂ ನಮ್ಮ ಬಸ್ಸು ಬಿಟ್ಟಿದ್ದಾರೆಂದು ಅತ್ತೆ ತಿಳಿದಿರಬೇಕು ಎಂದು ನಾನು ನಕ್ಕಿದ್ದೇ ನಕ್ಕಿದ್ದು.

ಸಂಜೆ ಅತ್ತೆ ಅಮ್ಮನಿಗೆ ಫೋನ್ ಮಾಡಿದರು. ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿದ್ದು ನಾನೇ.

“ನಿಮ್ ತಮ್ಮ ಅಲ್ಲೇ ಅವ್ರೆ ಅಂತ ಗೊತ್ತಾಯ್ತು, ಅತ್ಗೆ. ಸಾರಿಗೆ ಖಾರ ಕಮ್ಮಿ ಆಕಿ, ಒಟ್ಟೆಗೆ ಆಗಲ್ಲ ಅವ್ರಿಗೆ. ನಾನು ಫೋನ್ ಮಾಡಿದ್ದೆ ಅನ್ಬೇಡಿ. ಇನ್ನೆರಡು ದಿನ ನೋಡ್ಕಂಡು ಬರ್ಲಿ.”

ಅಮ್ಮ ಕುದಿಯುತ್ತಿದ್ದ ಸಾರಿಗೆ ಇನ್ನೊಂದು ಲೋಟ ನೀರು ಸುರಿದಳು. ಹಿಂದಿನ ರೂಮಿನಿಂದ ಮಾವ, ಯಾರದು ಫೋನು ಎಂದು ಕೇಳಿದರು.

ರಾಂಗ್ ನಂಬರ್ ಎಂದೆ. ಮಾವನ ಇಡೀ ವಿಯೆಟ್ನಾಮಿನ ಪಕ್ಕದಲ್ಲಿ ಅಷ್ಟು ಚಿಕ್ಕ ಸುಳ್ಳನ್ನು ನಾನು ಜನ್ಮದಲ್ಲೇ ಹೇಳಿರಲಿಲ್ಲ.