ಮಾವನ ಡೇಟ್ ಮುಗಿದ ರೋಲುಗಳು

ಡೇಟ್ ಮುಗಿದ ಗುಳಿಗೆಯನ್ನು ಔಷಧದಂಗಡಿಯವನೂ ಮುಟ್ಟುವುದಿಲ್ಲ. ಡೇಟ್ ಮುಗಿದ ಬ್ರೆಡ್ಡನ್ನು ಬೀದಿನಾಯಿಯೂ ಮೂಸಿ ಮುಂದೆ ಹೋಗುತ್ತದೆ. ಆದರೆ ನನ್ನ ಸೋದರಮಾವ ಇದ್ದಾರಲ್ಲ, ಅವರಿಗೆ ಡೇಟ್ ಮುಗಿದ ಮೇಲೆಯೇ ವಸ್ತುಗಳ ಮೇಲೆ ಪ್ರೀತಿ ಹುಟ್ಟುವುದು! ಈ ಮಾತನ್ನು ಅತ್ತೆಯ ಎದುರಿಗೆ ಆಡಿದರೆ, "ಹಂಗಾರ ನನ್ನ ಮ್ಯಾಲೆ ಯಾಕ ಇನ್ನೂ ಹುಟ್ಟಿಲ್ಲಪಾ?" ಎಂದು ಕೇಳುತ್ತಾರೆ.

ಮಾವ ಯಲಬುರ್ಗಾದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಡ್ರಾಯಿಂಗ್ ಮಾಸ್ತರು. ಅವರು ನಿವೃತ್ತರಾದ ವರ್ಷವೇ ಗಂಗಾವತಿಯ ಅವರ ಗೆಳೆಯರೊಬ್ಬರು ತಮ್ಮ ಫೋಟೋ ಸ್ಟುಡಿಯೋ ಮುಚ್ಚಿ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ತೆರೆದರು. ಆಗ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಯಿತು. ಅದರ ತುಂಬ ಕಪ್ಪು-ಬಿಳುಪು ಫಿಲಂ ರೋಲುಗಳು! ಅವುಗಳ ಡೇಟ್ ಮುಗಿದಾಗ ನಾನಿನ್ನೂ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆ. "ತಿಪ್ಪಿಗೆ ಒಗೀರಿ ಮಾಸ್ತರ" ಎಂದರು ಗೆಳೆಯರು. ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ತಂದರು. ಕಂಡಕ್ಟರ್ "ಮ್ಯಾಲಿಡ್ರಿ" ಎಂದು ಎರಡು ಸಲ ಹೇಳಿದರೂ ಇಡಲಿಲ್ಲವಂತೆ.

ರೋಲುಗಳಿಗೆ ತಂಪು ಬೇಕು. ಫ್ರಿಜ್ಜಿನಲ್ಲಿ ಅತ್ತೆ ಜಾಗ ಕೊಡಲಿಲ್ಲ. ಮಾವ ಅವನ್ನು ಜೋಳದ ಡ್ರಮ್ಮಿನೊಳಗೆ ಹೂತಿಟ್ಟರು. ಅಲ್ಲಿ ತಂಪೂ ಇರುತ್ತದೆ, ಪಸೆಯೂ ಇರುವುದಿಲ್ಲ, ಎಂಥ ತಲೆ ನೋಡಿ! ಮರುವಾರ ಅತ್ತೆ ಎಂದಿನಂತೆ ಚೀಲಕ್ಕೆ ಜೋಳ ತುಂಬಿ ಗಿರಣಿಗೆ ಕಳಿಸಿದರು. ಗಿರಣಿಯವನು ಚೀಲದಲ್ಲಿ ಸಿಕ್ಕ ರೋಲನ್ನು ಹಿಡಿದುಕೊಂಡು ಮನೆಯವರೆಗೂ ಬಂದ.

"ಮಾಸ್ತರ, ಇದನ್ನ ನುಣ್ಣಗ ಬೀಸಲ್ಯೋ, ರವಾ ಹಿಡೀಲ್ಯೋ?"

ಇನ್ನು ಫಿಲಂ ತೊಳೆಯುವ ಸಂಭ್ರಮ. ಫಿಲಮನ್ನು ಡಬ್ಬಿಯಿಂದ ಬಿಚ್ಚಿ ಒಂದು ಚಕ್ರಕ್ಕೆ ಸುತ್ತಬೇಕು, ಅದೂ ಪೂರಾ ಕತ್ತಲೆಯಲ್ಲಿ, ಬರೀ ಬೆರಳ ಅಂದಾಜಿನಲ್ಲಿ. ಬಚ್ಚಲ ಬಾಗಿಲಿಗೆ ಬಿರುಕು. ಅದಕ್ಕೆ ಮಾವ ಮೇ ತಿಂಗಳ ಮಧ್ಯಾಹ್ನ ನಡುಮನೆಯಲ್ಲಿ ಎರಡು ಕೌದಿ ಹೊದ್ದು, ಒಳಗೆ ಕೈಯಾಡಿಸುತ್ತ ಕುಳಿತಿದ್ದರು. ಹೊರಗಿನಿಂದ ನೋಡಿದರೆ ಕೌದಿಯ ಗುಡ್ಡ ಗಡಗಡ ಅಲುಗುತ್ತಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಖಾಲಾ ಹೆಪ್ಪಿಗೆ ಮೊಸರು ಕೇಳಲು ಬಂದರು.

"ಯಾ ಅಲ್ಲಾ! ಮಾಸ್ತರಗ ಚಳಿಜ್ವರ ಬಂದೈತಿ!" ಎಂದವರೇ ಕೌದಿ ಎತ್ತಿ ಹಣೆಯ ಮೇಲೆ ಕೈಯಿಟ್ಟರು. ರೋಲು ಅಲ್ಲಿಗೆ ಮಣ್ಣುಪಾಲು. ಮಾವ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಖಾಲಾ ಸಮಾಧಾನದ ಉಸಿರು ಬಿಟ್ಟು, "ಕಾಳಜಿ ಬ್ಯಾಡ್ರಿ, ಬೆವರು ಬಂದೈತಿ, ಜ್ವರ ಇಳೀತು" ಎಂದರು! ಸಂಜೆ ಗಂಜಿಯನ್ನೂ ಕಳಿಸಿದರು. ಅವರ ಮನಸ್ಸು ನೋಯಬಾರದೆಂದು ಮಾವ ಅದನ್ನು ತಳ ಕಾಣುವವರೆಗೂ ಕುಡಿದರು.

ಇಷ್ಟೆಲ್ಲ ಮಾಡಿ ಬರುತ್ತಿದ್ದುದಾದರೂ ಏನು? ಮಂಜು ಮುಸುಕಿದ ಬೂದು ಚಿತ್ರಗಳು. "ಮಾವಾ, ಇದರಾಗ ಅತ್ತಿ ಯಾರು, ಎಮ್ಮಿ ಯಾವುದು?" ಎಂದು ನಾನು ಕೇಳಿ ಅತ್ತೆಯಿಂದ ಬೈಸಿಕೊಂಡಿದ್ದೂ ಉಂಟು. ಮಾವ ಸಿಟ್ಟಾಗುತ್ತಿರಲಿಲ್ಲ. "ಅಳಿಯಾ, ಹಳೇ ರೋಲು ಅಂದ್ರ ವಯಸ್ಸಾದವರು ಇದ್ದಂಗ. ಅವಕ್ಕ ಬೆಳಕು ಜಾಸ್ತಿ ಕೊಡಬೇಕು, ಹೊತ್ತು ಜಾಸ್ತಿ ಕೊಡಬೇಕು" ಎನ್ನುತ್ತಿದ್ದರು. ಹೊತ್ತು ಕೊಡುವುದೊಂದೇ ನನಗೆ ಬಾರದ ವಿದ್ಯೆ.

ಈ ಕಥೆಗಳನ್ನೆಲ್ಲ ಮದುವೆಮನೆಗಳಲ್ಲಿ ಹೇಳಿ ಬೀಗರನ್ನು ನಗಿಸಿದವನು ನಾನೇ. ಆದರೆ ಒಂದು ಕಥೆಯನ್ನು ಮಾತ್ರ ಮೂರು ವರ್ಷದಿಂದ ತಪ್ಪಾಗಿ ಹೇಳುತ್ತ ಬಂದಿದ್ದೇನೆ.

ಅದು ನಮ್ಮ ಅವ್ವನ ಫೋಟೋದ ಕಥೆ. ಅವ್ವ ಅಂದರೆ ಮಾವನ ಅಕ್ಕ. ಗಂಗಾವತಿಯಲ್ಲಿ ನನ್ನ ಜೊತೆಗಿದ್ದಳು. ಮುಂದಿನ ಹಲ್ಲು ಬಿದ್ದ ಮೇಲೆ ಅವಳು ಬಾಯಿಗೆ ಸೆರಗು ಹಿಡಿಯದೆ ನಕ್ಕಿದ್ದೇ ಇಲ್ಲ. ನನ್ನ ಫೋನಿನಲ್ಲಿ ಅವಳ ನೂರು ಚಿತ್ರಗಳಿವೆ, ನೂರರಲ್ಲೂ ಸೆರಗೇ! ಒಂದು ಸಂಕ್ರಾಂತಿಯ ಮರುದಿನ ಎಲ್ಲರೂ ಹನುಮನಹಳ್ಳಿಗೆ ಹೋಗಿದ್ದೆವು. ಬೆಟ್ಟ ಹತ್ತಲು ಅವ್ವನ ಮೊಣಕಾಲು ಒಪ್ಪಲಿಲ್ಲ. ಕೆಳಗೇ ಕಲ್ಲಿನ ಮೇಲೆ ಕುಳಿತು ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದಳು. ಮಾವ ಕ್ಯಾಮೆರಾ ಎತ್ತಿದರು.

"ಅಕ್ಕಾ, ಅಳ್ಳಾಡಬ್ಯಾಡ. ಉಸಿರು ಹಿಡಿ."

"ಬಾಯಾಗ ಮಿರ್ಚಿ ಐತೋ ಮಾರಾಯಾ, ಖಾರ ನೆತ್ತಿಗೇರೈತಿ! ಉಸಿರು ಹೆಂಗ ಹಿಡೀಲಿ?" ಎಂದವಳು ತನ್ನ ಮಾತಿಗೆ ತಾನೇ ನಕ್ಕುಬಿಟ್ಟಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಿರ್ಚಿ. ಬಾಯಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮಾವ ಒತ್ತಿದರು.

ಆ ರೋಲು ಮುಗಿಯುವಷ್ಟರಲ್ಲಿ ಬೇಸಿಗೆ ಬಂತು. ಹಳೆಯ ಫಿಲಂ ಬಿಸಿನೀರು ತಡೆಯುವುದಿಲ್ಲ ಎಂಬುದನ್ನು ಮಾವ ಅಷ್ಟರಲ್ಲಿ ಒಂದೆರಡು ರೋಲು ಕಳೆದುಕೊಂಡು ಕಲಿತಿದ್ದರು. "ಚಳಿಗಾಲ ಬರ್ಲಿ, ತೊಳೀತೀನಿ" ಎಂದರು ಮಾವ. ಏಪ್ರಿಲಿನಲ್ಲಿ ಅವ್ವ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ, "ಆ ನಗೂ ಫೋಟೋ ಒಂದು ನೋಡಬೇಕಿತ್ತಲ್ಲೋ" ಎಂದಳು. ನಾನು ಸಿಕ್ಕ ಬಸ್ಸು ಹತ್ತಿ ಯಲಬುರ್ಗಾಕ್ಕೆ ಓಡಿದೆ.

ಮಾವ ಬೇಡವೆಂದರು, ನಾನು ಬಿಡಲಿಲ್ಲ. ಕೊನೆಗೆ ಜ್ಯೂಸಿನ ಅಂಗಡಿಯಿಂದ ಬರ್ಫ ತಂದು, ಗಡಿಗೆಯ ನೀರಿಗೆ ಚೂರುಚೂರೇ ಹಾಕಿ, ಹಾಲಿನ ಡೇರಿಯಿಂದ ತಂದ ಥರ್ಮಾಮೀಟರ್ ಇಟ್ಟು ನೋಡಿ ನೋಡಿ, ಒಂದೊಂದೇ ಔಷಧಿ ಹಾಕಿ ತೊಳೆದರು. ಆಮೇಲೆ ಒಂದು ಮೊಳ ಫಿಲಂ ಎಳೆದು ಬೆಳಕಿಗೆ ಹಿಡಿದರು. "ಅಕ್ಕ ಬಂದಾಳ ನೋಡೋ!" ಕಪ್ಪು-ಬಿಳುಪು ಅದಲುಬದಲಾಗಿತ್ತು, ಆದರೂ ಅವ್ವನೇ. ಬಾಯಿ ತುಂಬ ನಗುತ್ತಿದ್ದಳು.

"ಇನ್ನ ಅರ್ಧ ತಾಸು ಗಡಿಗಿ ನೀರಾಗ ತೊಳಿ. ಗಡಿಗಿ ನೀರಷ್ಟ, ಮತ್ತ!" ಎಂದು ಹೇಳಿ ಮಾವ ಅವ್ವನಿಗೆ ಫೋನು ಮಾಡಲು ಅಂಗಳಕ್ಕೆ ಹೋದರು. ನಾನು ಗಡಿಯಾರ ನೋಡಿದೆ. ಗಂಗಾವತಿಯ ಬಸ್ಸಿಗೆ ಹೊತ್ತಾಗಿತ್ತು. ಅರ್ಧ ತಾಸು ಯಾರು ಕೂಡುತ್ತಾರೆ? ನಳ ತಿರುವಿ ಧಾರೆಯ ಕೆಳಗೆ ಹಿಡಿದೆ. ಮಾಳಿಗೆಯ ಟ್ಯಾಂಕಿನ ನೀರು, ಏಪ್ರಿಲ್ ಮಧ್ಯಾಹ್ನದ ನೀರು. ನನ್ನ ಕಣ್ಣೆದುರಿಗೇ ಚಿತ್ರವೆಲ್ಲ ಹಾಲಿನ ಕೆನೆಯಂತೆ ಸುಕ್ಕಾಗಿ ಜಾರಿ ಬಚ್ಚಲಿನ ಮೋರಿಗೆ ಹೋಯಿತು. ಕೈಯಲ್ಲಿ ಬರೀ ಪ್ಲಾಸ್ಟಿಕ್ ಪಟ್ಟಿ ಉಳಿಯಿತು.

ಮಾವ ಫೋನು ಕಿವಿಗಿಟ್ಟುಕೊಂಡೇ ಒಳಗೆ ಬಂದರು. ನನ್ನ ಕೈ ನೋಡಿದರು, ಸುರಿಯುತ್ತಿದ್ದ ನಳ ನೋಡಿದರು. ಆಮೇಲೆ ಫೋನಿಗೆ ಹೇಳಿದರು, "ಅಕ್ಕಾ, ರೋಲು ಭಾಳ ಹಳೇದಿತ್ತವಾ. ತೊಳ್ಯಾಕ ನನಗ ಬರಲಿಲ್ಲ. ಫೋಟೋ ಹೋತು. ನಂದ ತಪ್ಪು."

"ಹೋಗ್ಲಿ ಬಿಡೋ ಹುಚ್ಚಾ" ಎಂದಳು ಅವ್ವ. ಹದಿನೈದು ದಿನಕ್ಕೆ ತೀರಿಕೊಂಡಳು.

ಅಂದಿನಿಂದ ಬಂಧುಗಳೆಲ್ಲ ಅದಕ್ಕಾಗಿ ಮಾವನನ್ನು ಬೈಯುತ್ತಾರೆ. ನಾನೂ ಜೊತೆಗೂಡಿ ಹಾಸ್ಯ ಮಾಡಿದ್ದೇನೆ, ಅವರ ಎದುರಿಗೇ. ಅವರು ತಲೆ ತಗ್ಗಿಸಿ ನಗುತ್ತಾರೆ. ಎಂಥ ಹೇಡಿ ನಾನು! ಹೋದ ತಿಂಗಳು ತಡೆಯಲಾರದೆ ಹೋಗಿ, "ಮಾವಾ, ಎಲ್ಲಾರಿಗೂ ಖರೇ ಹೇಳಿಬಿಡ್ತೀನ್ರಿ" ಎಂದೆ.

"ಬ್ಯಾಡೋ" ಎಂದರು. "ಆ ಫಿಲಂನ್ಯಾಗ ಅಕ್ಕನ ನಗು ನೋಡಿದಾವ್ರು ನಾವಿಬ್ಬರ. ಖರೇ ತಿಳಿದು ಮಂದಿ ನಿನ್ನ ಬೈದು ಬಾಯಿ ಮುಚ್ಚಿಸಿಬಿಟ್ರ, ಆ ನಗುವಿನ ಮಾತು ನಾ ಯಾರ ಕೂಡ ಆಡ್ಲಿ?"

ಬೇಡವೆಂದರೂ ಬರೆದಿದ್ದೇನೆ. ಅವ್ವಾ, ಮಾವನಿಗೆ ತೊಳೆಯಲು ಬರುತ್ತಿತ್ತು. ನಳ ತಿರುವಿದ್ದು ನಾನು.