ಅಕ್ಕನ ಅಳತೆಯ ಕುರ್ಚಿ

ನಮ್ಮ ಭಾವ ಮಾಡಿದ ಕುರ್ಚಿ, ಸ್ಟೂಲುಗಳ ಮೇಲೆ ಕೂತವರು ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡನೇ ಸಲ ಕೂತವರನ್ನು ಮಾತ್ರ ನಾನು ಇದುವರೆಗೂ ನೋಡಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಟ್ಟೆಪಾಡಿಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ಅವರ ಕಡೆ ಯಾರೂ ಉಳಿ ಹಿಡಿದವರಲ್ಲ. ಐವತ್ತು ದಾಟಿದ ಮೇಲೆ ಒಂದು ಭಾನುವಾರ, ಯಾವನೋ ಗಡ್ಡದವನು ಸ್ಟೂಲ್ ಮಾಡುವುದನ್ನು ಮೊಬೈಲಿನಲ್ಲಿ ನೋಡಿದರು. ಹತ್ತು ನಿಮಿಷದ ವಿಡಿಯೋ. ಆ ಹತ್ತು ನಿಮಿಷ ಮಾಡಿದಷ್ಟು ಹಾಳನ್ನು ಸದಾಶಿವನಗರದ ಆ ಮನೆಗೆ ಗೆದ್ದಲೂ ಮಾಡಿರಲಿಲ್ಲ. ಕಾರಿನ ಶೆಡ್ಡು ಬಡಗಿ ಶೆಡ್ಡಾಯಿತು, ಕಾರು ಬೀದಿಗೆ ಬಿತ್ತು.

ಮೊದಲ ಸ್ಟೂಲು ತಯಾರಾದದ್ದು ಫ್ಯಾಕ್ಟರಿಗೆ ಮೆಷಿನ್ ಬಂದ ಪೆಟ್ಟಿಗೆಯ ಹಲಗೆಯಲ್ಲಿ. ಅದರ ಮೇಲೆ 'ದಿಸ್ ಸೈಡ್ ಅಪ್' ಎಂದು ಬರೆದು ದೊಡ್ಡ ಬಾಣದ ಗುರುತಿತ್ತು. ಭಾವ ಜೋಡಿಸಿದ ರೀತಿಗೆ ಬಾಣ ನೆಲ ನೋಡುತ್ತಿತ್ತು.

"ರೀ, ಇದ್ರ ಮೇಲೆ ಕೂರ್ಬೇಕೋ, ತಲೆಕೆಳಗಾಗಿ ನಿಲ್ಬೇಕೋ?" ಎಂದಳು ಅಕ್ಕ.

"ಮರ ಗಟ್ಟಿ ಇದೆ, ನೋಡು" ಎಂದರು ಭಾವ.

ಮರವೇನೋ ಗಟ್ಟಿಯೇ ಇತ್ತು. ಪಕ್ಕದ ಮನೆ ಯಜಮಾನರು ಕಾಫಿ ಲೋಟ ಹಿಡಿದು ಕೂತಾಗ ಒಂದು ಹಲಗೆಯೂ ಮುರಿಯಲಿಲ್ಲ. ಮೂರು ಕಾಲು ಒಂದು ಕಡೆಗೆ, ಒಂದು ಕಾಲು ಇನ್ನೊಂದು ಕಡೆಗೆ ಹೋದವು, ಅಷ್ಟೇ.

ಆಮೇಲೆ ಬಟ್ಟೆ ಬೀರು ಮಾಡಿದರು. ಏಳಡಿ ಎತ್ತರ, ನಾಲ್ಕು ಬಾಗಿಲು. ಚೆನ್ನಾಗಿಯೇ ಬಂದಿತ್ತು. ಎತ್ತಿ ಒಳಗೆ ತರುವ ದಿನ ಗೊತ್ತಾಯಿತು, ಮನೆಯ ಯಾವ ಬಾಗಿಲಲ್ಲೂ ಅದು ತೂರುವುದಿಲ್ಲ ಅಂತ. ಗೋಡೆ ಒಡೆಸೋಣ ಎಂದು ಭಾವ ತಯಾರಾದರು. ಅಕ್ಕ ಬೇಡವೆಂದು ತನ್ನ ಸೀರೆಗಳನ್ನೇ ಶೆಡ್ಡಿಗೆ ಸಾಗಿಸಿದಳು. ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಅಂಗಳ ದಾಟಿ ಹೋಗಿ, ಸೀರೆ ತಂದು, ಕೊಡವಿ ಉಡುತ್ತಿದ್ದಳು. ಅಷ್ಟಾದರೂ ಅವಳ ಸೆರಗಿನಿಂದ ಮರದ ಹೊಟ್ಟು ಉದುರುತ್ತದೆ ಎಂದು ಮಕ್ಕಳು ಸ್ಕೂಲಲ್ಲಿ ನಗುತ್ತಿದ್ದರಂತೆ.

ಒಂದು ಸಲ ಕರೆಂಟಿನ ಗರಗಸ ಭಾವನ ಎಡಗೈ ಬೆರಳಿನ ತುದಿಯನ್ನೇ ಹಾರಿಸಿತು. ನಾನು ಗುಬ್ಬಿಯಿಂದ ಓಡಿ ಬಂದೆ. ಅಲ್ಲಿನ ಬ್ಯಾಂಕಿನಲ್ಲಿ ನನ್ನ ಕೆಲಸ. ಡಾಕ್ಟರು ಹೊಲಿಗೆ ಹಾಕುತ್ತಾ ಹೇಗಾಯಿತು ಎಂದು ಕೇಳಿದರು. "ಗೆರೆಯಿಂದ ಕಾಲು ಇಂಚು ಈಚೆ ಬಂದೆ ಸಾರ್" ಎಂದರು ಭಾವ, ಬೆರಳು ಯಾರದೋ ಎಂಬಂತೆ. ನಾವೆಲ್ಲ ನಕ್ಕೆವು. ಆ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ನಕ್ಕದ್ದು ಅದೇ ಕೊನೆ ಇರಬೇಕು.

ಅದೇ ವರ್ಷ ಅಕ್ಕನ ಚಪ್ಪಲಿ ಕಾಲಿನಿಂದ ತಾನಾಗೇ ಜಾರತೊಡಗಿತು. ಆಮೇಲೆ ಕೈಯಿಂದ ಸೀಮೆಸುಣ್ಣ ಬೀಳತೊಡಗಿತು. ಸುಸ್ತು, ವಯಸ್ಸು, ಸಕ್ಕರೆ ಕಾಯಿಲೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಬೆಂಗಳೂರಿನ ದೊಡ್ಡ ಡಾಕ್ಟರು ಹೊರಗೆ ಕರೆದು ನನಗೂ ಭಾವನಿಗೂ ವಿವರಿಸಿದರು. ನರಗಳು ಒಂದೊಂದಾಗಿ ಸಾಯುತ್ತಿವೆ. ಮೊದಲು ಕಾಲು, ಆಮೇಲೆ ಕೈ, ಕತ್ತು, ಮಾತು, ನುಂಗುವುದು. ಕೊನೆಗೆ ಉಸಿರು. ಬುದ್ಧಿ ಮಾತ್ರ ಚೆನ್ನಾಗೇ ಇರುತ್ತದೆ. ಗುಣ ಮಾಡುವ ಔಷಧಿ ಇಲ್ಲ.

ವಾಪಸ್ ತುಮಕೂರು ತಲುಪಿ ಅಕ್ಕನನ್ನು ಸೋಫಾದ ಮೇಲೆ ಕೂರಿಸಿದವರೇ ಭಾವ ಶೆಡ್ಡಿನಿಂದ ಟೇಪು ತಂದರು. ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಕತ್ತಿಗೆ ಅಳತೆ ತೆಗೆದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು.

"ಇದೇನ್ರೀ, ಟೈಲರ್ ಆದ್ರಾ?" ಎಂದಳು ಅಕ್ಕ.

"ಈ ಸೋಫಾ ತಗ್ಗು. ನಿಂಗೆ ಏಳಕ್ಕೆ ಆಗಲ್ಲ."

ಸಿ.ಎಸ್. ಪುರದ ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರವಿತ್ತು. ಅದನ್ನು ಸಾಮಿಲ್ಲಿನಲ್ಲಿ ಕೊಯ್ಯಿಸಿ ಹಲಗೆ ತಂದೆವು. ಅಕ್ಕ ಕೈಯೂರಿ ತಾನೇ ಏಳುವ ಹಾಗೆ ಭಾರಿ ತೋಳುಗಳ ಕುರ್ಚಿ ಮಾಡಬೇಕೆಂಬುದು ಭಾವನ ಲೆಕ್ಕ. ಫ್ಯಾಕ್ಟರಿಯಿಂದ ಬಂದವರೇ ಬಟ್ಟೆಯೂ ಬದಲಿಸದೆ ಶೆಡ್ಡಿಗೆ ಹೋಗುತ್ತಿದ್ದರು. ಕೂಡಿಸಿದ್ದು ಸರಿ ಬರಲಿಲ್ಲವೆಂದು ಬಿಚ್ಚುವುದು, ತೋಳು ಅರ್ಧ ಇಂಚು ಹೆಚ್ಚಾಯಿತೆಂದು ಇನ್ನೊಂದು ಕೊಯ್ಯುವುದು. ಕುರ್ಚಿ ಮುಗಿಯಲು ಮೂರು ತಿಂಗಳು ಹಿಡಿಯಿತು. ಇದು ಅಲುಗಾಡಲಿಲ್ಲ. ನಾನೇ ಕೂತು ನೋಡಿದೆ, ಬಂಡೆಯ ಹಾಗಿತ್ತು. ಆದರೆ ಅಷ್ಟರಲ್ಲಿ ಅಕ್ಕನ ಕೈಗಳು ಊರುವುದಿರಲಿ, ಆ ತೋಳಿನ ಮೇಲಿಟ್ಟರೆ ನಿಲ್ಲದೆ ತೊಡೆಗೆ ಜಾರುತ್ತಿದ್ದವು.

ಭಾವ ಮತ್ತೆ ಟೇಪು ತಂದರು. ಈ ಸಲ ಎತ್ತರದ ಬೆನ್ನು, ಎದೆಗೊಂದು ಪಟ್ಟಿ. ಅದು ಮುಗಿಯುವಷ್ಟರಲ್ಲಿ ಅಕ್ಕನ ಕತ್ತು ಒಂದು ಕಡೆಗೆ ವಾಲುತ್ತಿತ್ತು. ತಲೆಗೆ ಆನಿಕೆ ಬೇಕಾಯಿತು. ಆನಿಕೆ ಬಂದಾಗ ಅವಳಿಗೆ ಕೂರುವುದೇ ಆಗುತ್ತಿರಲಿಲ್ಲ.

ಮಾತು ತೊದಲುತ್ತಿದ್ದರೂ ಅಕ್ಕನ ನಾಲಿಗೆ ಚುರುಕು ಹೋಗಿರಲಿಲ್ಲ. "ನಿಮ್ ಕುರ್ಚಿ... ಬರೋಷ್ಟ್ರಲ್ಲಿ... ನಾನು ಮುಂದಿನ್ ಸ್ಟಾಪಲ್ಲಿ... ಇಳಿದಿರ್ತೀನಿ ಕಣ್ರೀ" ಎಂದಳು. ಭಾವ ನಗಲು ನೋಡಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಆಮೇಲೆ ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಅಕ್ಕ ಒಳಗೆ ಸೂರು ನೋಡುತ್ತಾ ಮಲಗಿದ್ದಾಳೆ, ಇವರು ಶೆಡ್ಡಿನಲ್ಲಿ ತಲೆಯ ಕಡೆ ಮೇಲೇಳುವ ಮಂಚ ಅಂತ ಹೊಸ ಹಲಗೆ ಉಜ್ಜುತ್ತಿದ್ದಾರೆ. "ಅಂಥಾ ಮಂಚ ಬಾಡಿಗೆಗೆ ಸಿಗುತ್ತೆ ಭಾವ. ಇವತ್ತೇ ತರ್ಬೋದು" ಎಂದೆ.

"ಅದು ಎಲ್ರ ಅಳತೇದು ಕಣಯ್ಯ. ಅವಳದಲ್ಲ."

"ಅವಳಿಗೆ ಮಂಚ ಬೇಡ, ನೀವು ಬೇಕು. ಪಕ್ಕದಲ್ಲಿ ಒಂದು ಗಂಟೆ ಕೂತ್ಕೊಳಕ್ಕೆ ಏನು ಕಷ್ಟ ನಿಮಗೆ?"

ಭಾವ ಹಲಗೆಯಿಂದ ಕೈ ತೆಗೆದರು. "ಕೂತ್ರೆ ನನ್ ಮುಖ ನೋಡ್ತಾಳೆ. ಡಾಕ್ಟ್ರು ಹೊರಗೆ ಹೇಳಿದ್ದನ್ನೆಲ್ಲ ಅಲ್ಲಿ ಓದ್ತಾಳೆ" ಎಂದರು.

ಮಾರನೆಯ ದಿನ ನಾನೇ ಬಾಡಿಗೆಯ ಕಬ್ಬಿಣದ ಮಂಚ ತಂದೆ. ಭಾವ ಬೇಡ ಅನ್ನಲಿಲ್ಲ.

ಮಾತು ಪೂರ್ತಿ ನಿಂತಾಗ ಭಾವ ಒಂದು ಹಲಗೆಯ ಮೇಲೆ ವರ್ಣಮಾಲೆ ಕೆತ್ತಿದರು. ಅವರು ಹೊತ್ತಿಗೆ ಸರಿಯಾಗಿ ಮುಗಿಸಿದ ಒಂದೇ ವಸ್ತು ಅದು, ಎರಡೇ ದಿನದಲ್ಲಿ. ಅಕ್ಷರಗಳ ಮೇಲೆ ಬೆರಳು ಆಡಿಸುತ್ತಾ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಅಕ್ಕ ಕಣ್ಣು ಮಿಟುಕಿಸುತ್ತಾಳೆ. ಹೆಂಡತಿಯ ಮೊದಲ ಮಾತಿಗೆ ಭಾವ ಉಸಿರು ಬಿಗಿಹಿಡಿದು ಕೂತರು. ಕಾಲು ಗಂಟೆಯಾದ ಮೇಲೆ ಬಂದದ್ದು: 'ಬೇಲೆ ಸಾರು'.

ಅಕ್ಕ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವಳು. ಬೇಳೆಯನ್ನು ಬೇಲೆ ಎಂದಳೆಂದರೆ ಬುದ್ಧಿಗೂ ಏನೋ ಆಯಿತೆಂದು ಭಾವನ ಮುಖ ಬಿಳಿಚಿಕೊಂಡಿತು. ನಾನು ಹಲಗೆ ನೋಡಿದೆ. 'ಹ' ಆದ ಮೇಲೆ ಜಾಗ ಮುಗಿದಿತ್ತು. 'ಳ' ಕೆತ್ತಿರಲೇ ಇಲ್ಲ. ಅಕ್ಕನ ಕಣ್ಣು ನಗುತ್ತಿತ್ತು. ಸಂಜೆ ಭಾವ ಬೆಂಕಿಪೊಟ್ಟಣದಷ್ಟು ಮರದ ಚೂರಿನ ಮೇಲೆ 'ಳ' ಕೆತ್ತಿ ಪಕ್ಕಕ್ಕೆ ಮೊಳೆ ಹೊಡೆದರು. ಅವತ್ತಿನಿಂದ ಭಾವ ಅಕ್ಕನ ಪಕ್ಕದಲ್ಲೇ ಕೂರತೊಡಗಿದರು. ಕೂರಲೇಬೇಕಲ್ಲ, ಹೆಂಡತಿ ಮಾತಾಡಬೇಕಾದರೆ ಬೆರಳು ಯಾರು ಆಡಿಸಬೇಕು? ಅವಳು ಅವರ ಮುಖ ನೋಡಿದಳು, ಎಲ್ಲ ಓದಿಯೂ ಇದ್ದಾಳು. ಅದರ ಬಗ್ಗೆ ಅವಳು ಒಂದಕ್ಷರಕ್ಕೂ ಕಣ್ಣು ಮಿಟುಕಿಸಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಕ ಹೋದಳು.

ಅಂಗಳದಲ್ಲಿ ನಾಲ್ಕು ಜನ ಬಿದಿರು ಜೋಡಿಸಿ ಚಟ್ಟ ಕಟ್ಟುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದ ಭಾವ ಸ್ವಲ್ಪ ಹೊತ್ತು ನೋಡಿ ಎದ್ದು ಬಂದರು. "ಒಂದು ಕಡೆಗೆ ವಾಲುತ್ತೆ. ಬಿಡಿ ಇಲ್ಲಿ" ಎಂದರು. ಹಿರಿಯರೊಬ್ಬರು ಗಂಡನಾದವನು ಕಟ್ಟಬಾರದು ಎಂದರು. ಭಾವ ಕೇಳಿಸಿಕೊಳ್ಳಲಿಲ್ಲ. ಗಂಟು ಬಿಚ್ಚಿ, ಅಡ್ಡಪಟ್ಟಿಗಳನ್ನು ಸರಿಸಿ, ಮತ್ತೆ ಬಿಗಿದರು. ಟೇಪು ತರಲಿಲ್ಲ. ಆ ಅಳತೆ ಅವರಿಗೆ ಬಾಯಿಪಾಠವಾಗಿತ್ತು.

ಶೆಡ್ಡಿಗೆ ಬೀಗ ಬಿತ್ತು. ಈ ವರ್ಷ ಮಳೆ ಶುರುವಾಗುವ ಮುಂಚೆ ಕುಣಿಗಲ್ಲಿನಿಂದ ಒಬ್ಬ ಹೆಂಗಸು ಫೋನ್ ಮಾಡಿ, ಒಂದು ಕುರ್ಚಿ ಮಾಡಿಕೊಡುತ್ತೀರಾ ಎಂದು ಕೇಳಿದರು. ಗಂಡ ಲಾರಿ ಡ್ರೈವರ್ ಆಗಿದ್ದವರು, ಅವರಿಗೂ ಇದೇ ಕಾಯಿಲೆ. ಆಸ್ಪತ್ರೆಯಲ್ಲಿ ಯಾರೋ ಭಾವನ ವಿಷಯ ಹೇಳಿದ್ದರಂತೆ. ಭಾವ ಟೇಪು ಹಿಡಿದು ಹೊರಟರು, ನಾನೂ ಜೊತೆಗೆ ಹೋದೆ. ಆ ಮನುಷ್ಯನಿಗೆ ಆಗ ಕಾಲು ಮಾತ್ರ ಹೋಗಿತ್ತು, ನಾಲಿಗೆ ಸ್ವಲ್ಪ ಭಾರ. ಭಾವ ನೆಲದಲ್ಲಿ ಮಂಡಿಯೂರಿ ಅಳತೆ ತೆಗೆದರು. ಹಿಮ್ಮಡಿ, ಮಂಡಿ, ಸೊಂಟ. ಆಮೇಲೆ ಭುಜ, ಕತ್ತು, ತಲೆಯ ಸುತ್ತಳತೆ.

"ತಲೆಗ್ಯಾಕ್ ಸಾರ್ ಅಳತೆ?" ಎಂದು ಅವರು ನಕ್ಕರು. "ನನ್ ಕತ್ತು ಚೆನ್ನಾಗೇ ಐತಲ್ಲ."

ಭಾವ ಬರೆದುಕೊಳ್ಳುತ್ತಿದ್ದುದನ್ನು ನಿಲ್ಲಿಸಲಿಲ್ಲ. "ಇರ್ಲಿ ಬಿಡಿ. ಟಿವಿ ನೋಡ್ವಾಗ ಒರಗಿಕೊಳ್ಳಕ್ಕೆ ಆಗುತ್ತೆ" ಎಂದರು. ಆಮೇಲೆ ಟೇಪು ಜೇಬಿಗಿಟ್ಟು, ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಅವರು ತಾವು ಲಾರಿ ಓಡಿಸಿದ ಊರುಗಳ ಕಥೆ ಶುರು ಮಾಡಿದರು, ಒಂದೊಂದೇ ಮಾತು, ನಿಧಾನವಾಗಿ. ಮುಗಿಯುವವರೆಗೂ ಭಾವ ಅವರ ಮುಖ ನೋಡುತ್ತಾ ಕೂತೇ ಇದ್ದರು.