ಕೃತ್ತಿಕೆಯ ಕೆಂಡ

“ಕೆಲ್ಸ ಏನು ಅಂತ ಕೇಳಿದ್ರೆ ಸರ್ಕಾರಿ ಅನ್ನು, ಕೇಸರಿಬಾತು ತಿನ್ನು. ನಕ್ಷತ್ರದ ಸುದ್ದಿ ಎತ್ತಬೇಡ ಕಣಪ್ಪ,” ಎಂದು ಶನಿವಾರಸಂತೆಯಲ್ಲಿ ಬಸ್ಸಿಳಿಯುವಾಗಲೇ ಸೋದರತ್ತೆ ಮಹಾದೇವಮ್ಮ ಚೇತನ್‌ಕುಮಾರನಿಗೆ ಹೇಳಿದ್ದರು. ಸರ್ಕಾರಿ ವೀಕ್ಷಣಾಲಯದಲ್ಲಿ ರಾತ್ರಿಯೆಲ್ಲ ದೂರದರ್ಶಕ ಹಿಡಿದು ಕೂರುವ ಖಗೋಳವಿಜ್ಞಾನಿ ಅವನು; ಆ ಸುದ್ದಿ ಎತ್ತಿಯೇ ಹಿಂದಿನ ಸಂಬಂಧಗಳು ತಪ್ಪಿದ್ದವು.

ಈ ಸಲ ಅವನಿಗೂ ಎಚ್ಚರವಿತ್ತು. ಕಾಫಿ ತಂದಿಟ್ಟ ಹುಡುಗಿ ದಿವ್ಯಶ್ರೀ ಅರೆಕ್ಷಣ ನಕ್ಕಿದ್ದಳು. ಅಷ್ಟಕ್ಕೇ ಈ ಮನೆಯ ಅಳಿಯನಾಗದೆ ಬದುಕಿಲ್ಲ ಅನ್ನಿಸಿಬಿಟ್ಟಿತ್ತು.

ಆದರೆ ಪಕ್ಕದ ಮನೆಯ ಮಲ್ಲಪ್ಪ ಬಿಡಬೇಕಲ್ಲ! “ಸರ್ಕಾರಿ ಅಂದ್ರೆ ಏನ್ ನೋಡ್ಕತೀರಿ?”

“ಕೃತ್ತಿಕೆ,” ಎಂದುಬಿಟ್ಟ ಚೇತನ್.

ಹುಡುಗಿಯ ತಾತ ಗಂಗಣ್ಣ ತಲೆಯೆತ್ತಿದರು. “ನಮ್ಮ ಹುಡುಗೀದೂ ಕೃತ್ತಿಕೆನೇ. ಅಲ್ಲೇನೈತೆ ನೋಡಕ್ಕೆ?”

“ಉರಿಯೋ ನಕ್ಷತ್ರಗಳ ಜೊತೇಲೇ ಹುಟ್ಟಿ, ತೂಕ ಸಾಲದೆ, ಹೊತ್ತಿಕೊಳ್ಳದೇ ಉಳಿದವು ಇದಾವೆ ತಾತ. ಕಂದು ಕುಬ್ಜಗಳು ಅಂತೀವಿ.”

“ಕೇಳಿದ್ರಾ ಗಂಗಣ್ಣ!” ಮಲ್ಲಪ್ಪ ಕುರ್ಚಿಯಿಂದೆದ್ದ. “ಹುಡುಗಿ ನಕ್ಷತ್ರದಲ್ಲೇ ದೋಷ ಹುಡುಕ್ಕೊಂಡು ಬಂದವ್ರೆ!”

ಒಳಗೆ ಸೌಟು ಬಿದ್ದ ಸದ್ದಾಯಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಕೆಸರಲ್ಲಿ ಹೂತ ಜೀಪಿನಂತೆ ಚೇತನ್ ಇನ್ನಷ್ಟು ಜೋರಾಗಿ ಚಕ್ರ ತಿರುಗಿಸಿದ.

“ದೋಷ ಅಲ್ಲ ತಾತ. ಅವಕ್ಕೆ ಬೆಳಕು ಕಮ್ಮಿ, ಬಿಸಿ ಇದೆ. ಹುಟ್ಟುವಾಗ ಪಡಕೊಂಡ ಬಿಸಿ. ಕೃತ್ತಿಕೆ ಇನ್ನೂ ಎಳೇದು, ಅದಕ್ಕೇ ಆರಿಲ್ಲ. ಬರೀ ಕಣ್ಣಿಗೆ ಕಾಣಲ್ಲ. ಇನ್‌ಫ್ರಾರೆಡ್ ಕ್ಯಾಮೆರಾ ಇಟ್ರೆ, ಏನೂ ಇಲ್ಲ ಅಂದ್ಕೊಂಡ ಕತ್ತಲಲ್ಲೇ ಒಂದೊಂದಾಗಿ ಕಾಣಿಸ್ಕೊಳ್ತವೆ.”

ಗಂಗಣ್ಣ ಅಡುಗೆಮನೆಯ ಒಲೆಯತ್ತ ತಿರುಗಿ ನೋಡಿದರು. ಅಂಗಳದಲ್ಲಿ ಒಣಗಲು ಹರವಿದ್ದ ಮೆಣಸಿನ ಘಾಟು ಗಾಳಿಯಲ್ಲಿ ತೇಲಿ ಬರುತ್ತಿತ್ತು.

“ಒಲೆ ಆರಿದ್ರೂ ಬೂದಿಯೊಳಗೆ ಕೆಂಡ ಇರ್ತದಲ್ಲ, ಹಂಗೆ,” ಎಂದರು. “ಬೆಳಗದೆ ಇದ್ದೋರನ್ನೂ ಶಿವ ಬೆಚ್ಚಗಿಟ್ಟವ್ನೆ.” ಅವರ ಕಣ್ಣು ಒದ್ದೆಯಾಗಿತ್ತು.

ಅತ್ತೆಯ ಸೆರಗು ಸರಿಯಿತು. ಚೇತನ್ ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡ.

ಗಂಗಣ್ಣ ದೇವರ ಮನೆಯಿಂದ ವಿಭೂತಿ ತಂದು ಅವನ ಹಣೆಗೆ ಹಚ್ಚಿ ಕೈಮುಗಿದರು. “ರಾತ್ರಿಯೆಲ್ಲ ಶಿವನ ಕೆಂಡ ಕಾಯೋರು ನೀವು. ನಿಮ್ಮ ಕೊರಳಿಗೆ ಸಂಸಾರ ಕಟ್ಟಿ ಪಾಪ ಕಟ್ಕಳಲ್ಲ ಸ್ವಾಮಿ. ಒಂದು ಉಪಕಾರ ಮಾಡಿ. ಹೆತ್ತೂರಿಂದ ಇನ್ನೊಂದು ಗಂಡಿನ ಜಾತಕ ಬಂದೈತೆ. ಕೃತ್ತಿಕೆ ಒಳಗೇ ಹೊಕ್ಕು ನೋಡಿದೋರು, ನಮ್ಮ ಹುಡುಗಿಗೆ ಕೂಡ್ತದಾ ಹೇಳಿ.”

“ಅಯ್ಯೋ ತಾತ, ನಂಗೆ ಜಾತಕ ನೋಡಕ್ಕೆ ಬರಲ್ಲ!”

“ಎಂಥಾ ವಿನಯ ನೋಡಿ!” ಎಂದ ಮಲ್ಲಪ್ಪ, ತನ್ನ ಮಗನ ಜಾತಕ ತರಲು ಓಡಿದ.

ಚಪ್ಪಲಿ ಮೆಟ್ಟುವಾಗ ಬಾಗಿಲ ಮರೆಯಿಂದ ದಿವ್ಯಶ್ರೀ ಪಿಸುಗುಟ್ಟಿದಳು: “ಕೇಸರಿಬಾತು ತಿಂದ್ಕೊಂಡು ಸುಮ್ನಿರಕ್ಕೆ ಆಗ್ತಿರ್ಲಿಲ್ವಾ?”

ಅವಳ ಕೆನ್ನೆ ಕೆಂಪೇರಿತ್ತು. ಅದನ್ನು ಕಾಣಲು ಯಾವ ಕ್ಯಾಮೆರಾವೂ ಬೇಕಿರಲಿಲ್ಲ.